ಸೀತನಿ ಬೆಂಕಿಯಿಂದ ಗ್ಯಾಸ್ ಹೀಟರ್ ತನಕ

ಜಮಖಂಡಿ, ಮುಧೋಳದ ಕಡೆಯವರಿಗೆ ಬಿಸಿಲಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಕಡೆ ಡಿಸೆಂಬರ್-ಜನವರಿಯಲ್ಲಿ ಥಂಡಿಯೂ ಇರುತ್ತೆ ಅಂದ್ರೆ ಬೆಂಗಳೂರಿನ ಗೆಳೆಯರು ನಂಬೋದೇ ಇಲ್ಲ. ಬಯಲುಸೀಮೆ, ಆಕಾಶದಲ್ಲಿ ಮೋಡ ಇರಲ್ಲ, ಹಗಲೆಲ್ಲ ಕಾದ ನೆಲ ರಾತ್ರಿ ಬೇಗ ಆರಿಬಿಡುತ್ತೆ. ಅದರಲ್ಲೂ ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬಿನ ಹೊಲದಲ್ಲಿ ರಾತ್ರಿ ಪಾಳಿಗೆ ನೀರು ಹಾಯಿಸಿದವರನ್ನು ಕೇಳಿ ನೋಡಿ.

ಈಗ್ಯಾಕೆ ಈ ಮಾತು ಅಂದ್ರೆ, ಊರಲ್ಲಿ ಚಿಕ್ಕದೊಂದು ಗಾರ್ಡನ್ ಹೋಟೆಲ್ ಇಟ್ಟಿರೋ ನಮ್ಮ ಕಾಕಾ ಫೋನ್ ಮಾಡಿ, "ತಮ್ಮಾ, ಹೊರಗ ಕುಂತವರಿಗೆ ಬೆಚ್ಚಗ ಮಾಡೋ ಆ ಛತ್ರಿಯಂಥಾ ಗ್ಯಾಸ್ ಹೀಟರ್ ಬರ್ತಾವಲ್ಲ, ಅದರಾಗ ಚಲೋದು ಯಾವ್ದು? ನೀ ಇಂಜಿನಿಯರ್ ಅದಿ, ನೋಡಿ ಹೇಳು" ಅಂದ್ರು. ಸಾಫ್ಟ್‌ವೇರಿಗೂ ಹೀಟರಿಗೂ ಏನು ಸಂಬಂಧ ಅಂತ ಕೇಳಬೇಡಿ, ಊರವರಿಗೆ ಇಂಜಿನಿಯರ್ ಅಂದ್ರೆ ಇಂಜಿನಿಯರ್ ಅಷ್ಟೇ :-) ಹುಡುಕ್ತಾ ಕೂತಾಗ ಹೀಟರಿಗಿಂತ ಬೇರೊಂದು ಪ್ರಶ್ನೆ ತಲೆಗೆ ಹೊಕ್ಕಿತು. ಇಷ್ಟು ವರ್ಷ ನಮ್ಮ ಜನ ಮನೆಯ ಹೊರಗೆ ಹೇಗೆ ಬೆಚ್ಚಗಿದ್ದರು?

ಯೋಚಿಸಿದರೆ, ಬರೀ ಚಳಿ ಕಾಯಿಸೋಕೆ ಅಂತ ದುಡ್ಡು ಕೊಟ್ಟು ಉರುವಲು ತಂದವರು ನಮ್ಮ ಕಡೆ ಕಡಿಮೆ. ಬೆಂಕಿ ಇರುತ್ತಿದ್ದದ್ದು ಬೇರೆ ಕೆಲಸಕ್ಕೆ, ಕಾವು ಪುಕ್ಕಟೆ. ಬೀಳಗಿ ಕಡೆಯ ಎರೆಹೊಲದಲ್ಲಿ ಹಿಂಗಾರಿ ಜೋಳ ಹಾಲುಗಾಳಾದಾಗ ಸೀತನಿ ಶುರು. ಕುಳ್ಳಿನ ಕೆಂಡದಲ್ಲಿ ಹಸಿ ತೆನೆ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಉದುರಿಸಿ, ಶೇಂಗಾ ಹಿಂಡಿ ಜೊತೆ ತಿನ್ನೋದು. ತಿನ್ನೋಕೆ ಬಂದವರು ಬೆಂಕಿಯ ಸುತ್ತ ಕೂತಿರ್ತಾರೆ, ಚಳಿಯೂ ಹೋಗಿರುತ್ತೆ. ರಬಕವಿ-ಬನಹಟ್ಟಿ ನೇಕಾರರ ಊರು, ಅಲ್ಲಿ ನೂಲಿಗೆ ಬಣ್ಣ ಹಾಕೋಕೆ ನೀರು ಕಾಯಲೇಬೇಕು.

ಎಲ್ಲಕ್ಕಿಂತ ದೊಡ್ಡ ಹೀಟರ್ ಅಂದ್ರೆ ಗಾಣ. ಮಹಾಲಿಂಗಪುರ ಬೆಲ್ಲದ ಪೇಟೆಯಾಗಿ ಹೆಸರಾಗಿದ್ದು ಸುತ್ತಮುತ್ತಲ ಗಾಣಗಳಿಂದಲೇ. ಹಿಂಡಿ ಉಳಿದ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ, ಅದನ್ನೇ ಕೊಪ್ಪರಿಗೆಯ ಕೆಳಗಿನ ಒಲೆಗೆ ಹಾಕೋದು. ಹೊಗೆಗೆ ಚಿಮಣಿ. ಮೇಲೆ ತಗಡೋ ಹುಲ್ಲೋ, ಸುತ್ತ ಬಹುತೇಕ ಬಯಲು. ರಾತ್ರಿ ದಾರಿಹೋಕರೂ ಅಲ್ಲಿ ಒಂದು ಗಳಿಗೆ ಕೂತು, ಕೈ ಕಾಯಿಸಿಕೊಂಡು, ಸಿಕ್ಕರೆ ಬಿಸಿ ಬೆಲ್ಲ ನೆಕ್ಕಿ ಮುಂದೆ ಹೋಗುತ್ತಿದ್ದರು.

ಮನೆಯೊಳಗಿನ ಬೆಂಕಿ ಬೇರೆ. ಅದು ಶೇಗಡಿ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡೋ ರೂಢಿ ನಮ್ಮಲ್ಲಿ ಹಳೆಯದು. ಮಣ್ಣಿನ ಮಾಳಿಗೆ ಮನೆಗೆ ಬೆಳಕಿಂಡಿ ಇತ್ತು, ಕೆಟ್ಟ ಗಾಳಿ ಅಷ್ಟಾದರೂ ಹೊರಗೆ ಹೋಗುತ್ತಿತ್ತು. ಆರ್‌ಸಿಸಿ ಮನೆ ಬಂತು, ಕಿಟಕಿಗೆ ಗಾಜು ಬಂತು, ಶೇಗಡಿ ಮಾತ್ರ ಅದೇ! ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ ಅನ್ನೋ ಸುದ್ದಿ ಉತ್ತರ ಭಾರತದಿಂದ ಪ್ರತಿ ಚಳಿಗಾಲ ಬರುತ್ತೆ.

ಹೊರಗಿನ ಪುಕ್ಕಟೆ ಬೆಂಕಿಗಳು ಕಡಿಮೆಯಾಗಿದ್ದು ಹೇಗೆ? 1970ರ ದಶಕದಲ್ಲಿ ಮಹಾಲಿಂಗಪುರದ ಹತ್ತಿರ ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆ ಬಂತು, ಆಮೇಲೆ ಸುತ್ತಮುತ್ತ ಇನ್ನಷ್ಟು. ಕಬ್ಬು ಗಾಣದ ಬದಲು ಕಾರ್ಖಾನೆಗೆ ಹೊರಟಿತು. ಜೊತೆಗೆ ಸಿಪ್ಪೆಯೂ ಹೋಯಿತು. ಅದು ಈಗ ಬಾಯ್ಲರಿನಲ್ಲಿ ಉರಿದು ಕರೆಂಟ್ ಆಗುತ್ತೆ. ಇತ್ತ ಅಡಿಗೆಮನೆಗೆ ಗ್ಯಾಸ್ ಬಂತು. 1955ರಲ್ಲಿ ಮುಂಬೈಯಲ್ಲಿ ಬರ್ಮಾ ಶೆಲ್, 1965ರಲ್ಲಿ ಕೋಲ್ಕತಾದಲ್ಲಿ ಇಂಡೇನ್, 2016ರಲ್ಲಿ ಉಜ್ವಲಾ ಯೋಜನೆ. ಕಟ್ಟಿಗೆ, ಕುಳ್ಳಿನ ಹೊಗೆಯಿಂದ ಹೆಣ್ಣುಮಕ್ಕಳ ಕಣ್ಣು, ಎದೆ ಉಳೀತು, ಅದು ದೊಡ್ಡ ಲಾಭವೇ. ಆದರೆ ಬಯಲಲ್ಲಿ ಬೆಚ್ಚಗಿರೋಕೆ ಇನ್ನು ದುಡ್ಡು ಕೊಡಬೇಕು.

ಆ ಛತ್ರಿ ಹೀಟರ್ ಹುಟ್ಟಿದ್ದು ನಮ್ಮಂಥ ಊರಿಗಲ್ಲ. ಗ್ಯಾಸಿನ ಉರಿಯಿಂದ ಒಂದು ಮೈಯನ್ನು ಕೆಂಪಗೆ ಕಾಯಿಸಿ, ಅದರ ಇನ್‌ಫ್ರಾರೆಡ್ ಕಿರಣ ನೇರ ಮನುಷ್ಯರ ಮೈಗೆ ತಾಗೋ ಹಾಗೆ ಮಾಡೋದು ಇದರ ಉಪಾಯ. 2004ರಲ್ಲಿ ಐರ್ಲೆಂಡ್, 2007ರಲ್ಲಿ ಇಂಗ್ಲೆಂಡ್ ಪಬ್ಬುಗಳ ಒಳಗೆ ಸಿಗರೇಟು ಸೇದೋದನ್ನು ನಿಷೇಧಿಸಿದಾಗ ಹೊರಗೆ ನಿಂತ ಗಿರಾಕಿಗಳಿಗೆ ಇವು ಬೇಕಾದವು. ಬಯಲಿಗೆ ಕಾವು ಸುರಿಯೋದು ದಂಡ ಅಂತ ಫ್ರಾನ್ಸ್ 2022ರಲ್ಲಿ ಹೋಟೆಲುಗಳ ಹೊರಾಂಗಣ ಹೀಟರುಗಳನ್ನೇ ನಿಷೇಧಿಸಿತು.

ದಂಡ ಅನ್ನೋದಕ್ಕೆ ಲೆಕ್ಕವೂ ಇದೆ. 13 ಕಿಲೋವ್ಯಾಟಿನ ಹೀಟರ್ ಪೂರ್ತಿ ಉರಿಸಿದರೆ ಗಂಟೆಗೆ ಹತ್ತಿರ ಹತ್ತಿರ 1 ಕೆಜಿ ಗ್ಯಾಸ್ ಬೇಕು. ಅಂದ್ರೆ ಹೋಟೆಲಿನವರು ಬಳಸೋ 19 ಕೆಜಿ ಸಿಲಿಂಡರ್ ದಿನಕ್ಕೆ ಮೂರು ತಾಸಿನಂತೆ ಒಂದು ವಾರ ಬಂದರೆ ಹೆಚ್ಚು. ಮನೆಯ 14.2 ಕೆಜಿ ಸಿಲಿಂಡರ್ ಹಚ್ಚೋ ಹಾಗಿಲ್ಲ, ಅದು ಅಡಿಗೆಗೆ ಮಾತ್ರ.

ಇಷ್ಟಾದಮೇಲೂ ಬೇಕು ಅನ್ನೋರು ಹೊರಗಿನ ಹೊಳಪು ನೋಡಬೇಡಿ. ಉರಿ ಆರಿದರೆ ಗ್ಯಾಸ್ ತಾನಾಗಿ ನಿಲ್ಲಬೇಕು, ವಾಲಿದರೆ ತಾನಾಗಿ ಬಂದ್ ಆಗಬೇಕು. ಈ ಎರಡೂ ಇಲ್ಲದ್ದನ್ನು ಕಡಿಮೆ ಬೆಲೆಗೂ ತರಬೇಡಿ. ಬುಡ ಭಾರ ಇರಬೇಕು, ಏಕೆಂದರೆ ನಮ್ಮ ಬಯಲಿನ ಗಾಳಿ ಹೇಳಿ ಕೇಳಿ ಬರಲ್ಲ. ಕಾಯೋ ಜಾಳಿಗೆ ಎಲ್ಲಾ ಕಡೆ ಒಂದೇ ಥರ ಕೆಂಪಾಗಬೇಕು. ರೆಗ್ಯುಲೇಟರು, ಪೈಪಿನ ಮೇಲೆ ಐಎಸ್ಐ ಗುರುತಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೇ ಇಳಿದು ನಿಲ್ಲುತ್ತೆ. ಹೀಗಾಗಿ ತಗ್ಗಿನಲ್ಲಿ, ಗಟಾರದ ಹತ್ತಿರ ಇಡಬಾರದು.

ಕೊನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಗಾಳಿ ಬರುತ್ತೆ ಅಂತ ಶಾಮಿಯಾನದ ಪರದೆ ಇಳಿಬಿಟ್ಟು ಒಳಗೆ ಹೀಟರ್ ಹಚ್ಚಿದರೆ, ಅದು ಛತ್ರಿ ಹಿಡಿದುಕೊಂಡ ಶೇಗಡಿ. ಬೆಂಕಿ ಹೊಸದು, ವಿಷ ಹಳೆಯದೇ. ಗಾಣದ ಸುತ್ತ ಗೋಡೆ ಕಟ್ಟದವರಿಗೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ಹೆಸರು ಗೊತ್ತಿರಲಿಕ್ಕಿಲ್ಲ, ಆದರೆ ಹೊಗೆಗೆ ದಾರಿ ಬೇಕು ಅನ್ನೋದು ಗೊತ್ತಿತ್ತು.

ಮಲೆನಾಡಿನವರು, ಬೀದರದವರು, ಕಾಸರಗೋಡಿನವರು... ನಿಮ್ಮ ಕಡೆ ಚಳಿಗೆ ಹೊರಗೆ ಯಾವ ಬೆಂಕಿ ಕಾಯಿಸ್ತಿದ್ರು, ಅದಕ್ಕೆ ಏನಂತ ಕರೀತಿದ್ರು? ನೆನಪಿದ್ದವರು ಬರೀರಿ.