ಯಂತ್ರದ ನೆನಪನ್ನು ಅಳೆದದ್ದು

ಹಳೆಯ ಓಲೆಗರಿಯ ಕಟ್ಟು ಕೈಗೆ ಬಂದರೆ ಗ್ರಂಥಸಂಪಾದಕನು ಮೊದಲು ಗರಿಗಳನ್ನು ಎಣಿಸುತ್ತಾನೆ. ಹೊರಹಲಗೆಯ ಮೇಲೆ ಯಾರು ಏನೇ ಬರೆದಿರಲಿ, ಅದನ್ನು ನಂಬುವುದಿಲ್ಲ. ಕಳೆದ ವರ್ಷ ಒಂದು ಹಳೆಯ ಗಣಕಯಂತ್ರದ ಮುಂದೆ ಕುಳಿತು ನಾನು ಮಾಡಬೇಕಾಗಿ ಬಂದದ್ದೂ ಅಂಥದೇ ಕೆಲಸ.

ಅದರ ಹೆಸರು ಬಿಬಿಸಿ ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆ 1981ರ ಕೊನೆಯಲ್ಲಿ ಹೊರತಂದ ಯಂತ್ರ. 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೂ ಅದು ಬಂದಿತು. ಆಗ ನಾನು ಹೊಸದಾಗಿ ಅಧ್ಯಾಪಕನಾಗಿದ್ದೆ. ನೇಕಾರರ ಕೇರಿಯಲ್ಲಿ ಸಂಗ್ರಹಿಸಿದ ಮಗ್ಗದ ಮಾತುಗಳನ್ನು, ಲಾಳಿ, ಹಾಸು, ಹೊಕ್ಕು ಮೊದಲಾದ ನೂರಾರು ಶಬ್ದಗಳನ್ನು, ಗಣಿತದ ಮೇಷ್ಟರ ನೆರವಿನಿಂದ ಅರ್ಥಸಹಿತವಾಗಿ ಅದರಲ್ಲಿ ಬೆರಳಚ್ಚಿಸಿ ಕ್ಯಾಸೆಟ್ಟಿಗೆ ಇಳಿಸಿದ್ದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾದ ಸಂಕಟವನ್ನೂ ನುಂಗಿಕೊಂಡೆ. ಮುಂದೆ ಮೂಲ ಚೀಟಿಗಳು ಗೆದ್ದಲ ಪಾಲಾದವು. ಮಾತು ಹೇಳಿಕೊಟ್ಟ ಹಿರಿಯರೂ ತೀರಿಕೊಂಡರು. ಉಳಿದದ್ದು ಕ್ಯಾಸೆಟ್ಟು ಮಾತ್ರ. ಅದರ ಮೇಲೆ ನನ್ನದೇ ಕೈಬರಹ: ಸುಮಾರು 20,000 ಬೈಟುಗಳು.

ಹಳೆಯ ಶಿಷ್ಯನೊಬ್ಬ ಗುಜರಿಯಲ್ಲಿ ಹುಡುಕಿ ಯಂತ್ರವನ್ನು ತಂದ. ಅದರ ಚೀಟಿ ಕಿತ್ತುಹೋಗಿತ್ತು. 'ಎ' ಮಾದರಿಗೆ 16 ಕಿಲೋಬೈಟ್ ಸ್ಮೃತಿ, 'ಬಿ' ಮಾದರಿಗೆ 32. ಹೊರಗಿನ ಪೆಟ್ಟಿಗೆ ಮಾತ್ರ ಎರಡಕ್ಕೂ ಒಂದೇ. 'ಎ' ಮಾದರಿಯ ಖಾಲಿ ಜಾಗದಲ್ಲಿ ಎಂಟು ಚಿಪ್ಪುಗಳನ್ನು ಕೂರಿಸಿ ಸ್ಮೃತಿಯನ್ನು ಇಮ್ಮಡಿಸಲೂ ಬರುತ್ತಿತ್ತು. ಆದ್ದರಿಂದ ಚೀಟಿ ಇದ್ದರೂ ಅದು ಪ್ರಮಾಣವಾಗುತ್ತಿರಲಿಲ್ಲ.

ಕೂಡಲೇ ವಿದ್ಯುತ್ತು ಹರಿಸಲು ಶಿಷ್ಯ ಬಿಡಲಿಲ್ಲ. ಈ ಯಂತ್ರಗಳ ವಿದ್ಯುತ್ ಪೆಟ್ಟಿಗೆಯಲ್ಲಿರುವ ಕೆಪಾಸಿಟರುಗಳು ಮುಪ್ಪಿನಲ್ಲಿ ಬಿರಿದು ಹೊಗೆಯುಗುಳುತ್ತವೆಯಂತೆ. ಅವನ್ನು ಬದಲಿಸಿದ ಮೇಲೆಯೇ ಗುಂಡಿ ಒತ್ತಿದ್ದು. ತೆರೆಯ ಮೇಲೆ ಮೂಡಿತು: 'ಬಿಬಿಸಿ ಕಂಪ್ಯೂಟರ್ 32ಕೆ'.

ನನಗೆ ಅಷ್ಟೇ ಸಾಕಾಗಿತ್ತು, ಶಿಷ್ಯನಿಗೆ ಸಾಲದು. "ಸರ್, ಇರುವುದು ಬೇರೆ, ನಮಗೆ ಸಿಗುವುದು ಬೇರೆ" ಎಂದ. 32 ಕಿಲೋಬೈಟ್ ಎಂದರೆ 32,768 ಬೈಟು. ಅದರಲ್ಲಿ ಕೆಳಗಿನ 3,584 ಯಂತ್ರದ ಸ್ವಂತ ವ್ಯವಹಾರಕ್ಕೆ; ಮೇಲಿನ ಪಾಲು ತೆರೆಯ ಚಿತ್ರಕ್ಕೆ. ಬರಿಯ ಅಕ್ಷರಗಳ ತೆರೆಗೆ ಒಂದು ಕಿಲೋಬೈಟ್ ಸಾಕು; ಸೂಕ್ಷ್ಮ ಚಿತ್ರಗಳ ತೆರೆಯಾದರೆ ಇಪ್ಪತ್ತನ್ನು ಕಬಳಿಸುತ್ತದೆ. 'ಪ್ರಿಂಟ್ ಹಿಮೆಮ್ ಮೈನಸ್ ಪೇಜ್' ಎಂದು ಅವನು ಒತ್ತಿದಾಗ ಬಂದ ಉತ್ತರ 28160. ಸ್ಮೃತಿ 16 ಕಿಲೋಬೈಟ್ ಆಗಿದ್ದರೆ 11776 ಬರುತ್ತಿತ್ತು; ನನ್ನ ಪಟ್ಟಿ ಅದರಲ್ಲಿ ಹಿಡಿಸುತ್ತಿರಲಿಲ್ಲ.

ಕ್ಯಾಸೆಟ್ಟು ನಡುವೆ ಎರಡು ಸಲ ತಡವರಿಸಿತು. 'ಡೇಟಾ?' ಎಂದು ಯಂತ್ರ ಕೇಳಿದಾಗಲೆಲ್ಲ ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿದೆವು. ಕೊನೆಗೆ ಶಬ್ದಗಳು ಸಾಲುಸಾಲಾಗಿ ಮೇಲೇರತೊಡಗಿದವು. ವಿದ್ಯುತ್ತು ಹೋದರೆ ಈ ಸ್ಮೃತಿಯಲ್ಲಿ ಒಂದಕ್ಷರವೂ ಉಳಿಯದು. ಶಿಷ್ಯ ತೆರೆಯ ಚಿತ್ರಗಳನ್ನು ತೆಗೆಯುತ್ತಿದ್ದ. ನಾನು ನೋಟುಪುಸ್ತಕ ತೆರೆದು, ಈ ಸಲ ಕನ್ನಡದಲ್ಲಿ, ಬರೆದುಕೊಳ್ಳುತ್ತ ಹೋದೆ.