ಜಲಗಾರನ ಮರಿಗೆ: ಹೊಳೆಯ ಹೊನ್ನನ್ನು ಬೇರ್ಪಡಿಸಿದ ಕೈಗಳು

ಹಳಗನ್ನಡ ಕಾವ್ಯಗಳ ಓದುಗರಿಗೆ ಚಿನ್ನಕ್ಕಿರುವ ಹೆಸರುಗಳ ಸಮೃದ್ಧಿ ಪರಿಚಿತವಾದುದೇ. ಪೊನ್, ಕನಕ, ಹೇಮ, ಕಾಂಚನಗಳ ಜೊತೆಗೆ ಜಾಂಬೂನದವೆಂಬ ಮಾತೊಂದುಂಟು. ಜಂಬೂನದಿಯಲ್ಲಿ ಹುಟ್ಟಿದುದು ಎಂಬುದು ಅದರ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರವು ಸುವರ್ಣದ ಬಗೆಗಳನ್ನು ಎಣಿಸುವಾಗ ಈ ಹೆಸರಿನಿಂದಲೇ ಆರಂಭಿಸುತ್ತದೆ. ಹೊಳೆಯಲ್ಲಿ ಹೊನ್ನು ದೊರೆಯುತ್ತದೆಂಬ ತಿಳಿವಳಿಕೆ ಹೀಗೆ ಬಹು ಪ್ರಾಚೀನವಾದುದು. ಆದರೆ ಆ ಹೊನ್ನನ್ನು ಮರಳು ಗರಸುಗಳಿಂದ ಬೇರ್ಪಡಿಸಿದವರು ಯಾರು, ಬೇರ್ಪಡಿಸಿದ ಬಗೆ ಯಾವುದು ಎಂಬ ಪ್ರಶ್ನೆಗೆ ಕಾವ್ಯಗಳು ಉತ್ತರಿಸುವುದಿಲ್ಲ. ಉತ್ತರವನ್ನು ಒಂದು ಕನ್ನಡ ಶಬ್ದದಲ್ಲಿಯೂ ಕೆಲವು ಭೂವಿಜ್ಞಾನದ ವರದಿಗಳಲ್ಲಿಯೂ ಹುಡುಕಬೇಕಾಗುತ್ತದೆ.

ಆ ಶಬ್ದ 'ಜಲಗಾರ'. ಕುವೆಂಪು ಅವರ ನಾಟಕವನ್ನು ಓದಿದವರಿಗೆ ಇದು ಬೀದಿ ಗುಡಿಸುವವನ ಹೆಸರು. ಧಾರವಾಡ ಸೀಮೆಯಲ್ಲಿಯಾದರೋ ಹಳ್ಳದ ಮಣ್ಣನ್ನು ತೊಳೆದು ಚಿನ್ನ ತೆಗೆಯುವವನೇ ಜಲಗಾರ. ಅಕ್ಕಸಾಲೆಯ ಅಂಗಡಿಯ ಕಸವನ್ನು ಗುಡಿಸಿ ತೊಳೆದು ಅದರಲ್ಲಿಯ ಹೊನ್ನಿನ ರಜವನ್ನು ಆಯುವವನಿಗೂ ಇದೇ ಹೆಸರು. ಈ ನಡುವಣ ಅರ್ಥವು ಉಳಿದೆರಡನ್ನು ಜೋಡಿಸುವ ಕೊಂಡಿಯೆಂದು ಊಹಿಸಬಹುದು. ಹೊಳೆಯಲ್ಲಿ ತೊಳೆಯುತ್ತಿದ್ದವನು ಪೇಟೆಗೆ ಬಂದು ಧೂಳು ಗುಡಿಸಿದನು. ಕೊನೆಗೆ ಹೊನ್ನು ಹೋಗಿ ಪೊರಕೆ ಮಾತ್ರ ಉಳಿಯಿತು. ಶಬ್ದದ ಅರ್ಥಾಪಕರ್ಷದ ಹಿಂದೆ ಒಂದು ವಿದ್ಯೆಯ ಅವನತಿಯೂ ಇದೆ ಎಂಬುದೇ ಈ ಲೇಖನದ ಪ್ರತಿಪಾದನೆ.

ಆ ವಿದ್ಯೆಯ ತತ್ತ್ವ ನಮ್ಮ ಅಡುಗೆಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಅಕ್ಕಿಯನ್ನು ಜಾಲಿಸುವಾಗ ಹಗುರವಾದ ಅಕ್ಕಿ ನೀರಿನೊಡನೆ ಹೊರಟು, ಭಾರವಾದ ಕಲ್ಲು ಪಾತ್ರೆಯ ತಳದಲ್ಲಿ ನಿಲ್ಲುತ್ತದೆ. ಅಲ್ಲಿ ತಳದಲ್ಲಿ ಉಳಿದುದು ಕಸ. ಜಲಗಾರನಿಗೆ ಅದೇ ಧನ. ಚಿನ್ನ ನೀರಿಗಿಂತ 19 ಪಟ್ಟಿಗೂ ಹೆಚ್ಚು ಭಾರ. ಬೆಣಚುಕಲ್ಲಿನ ಭಾರ ಮೂರು ಪಟ್ಟಿಗೂ ಕಡಿಮೆ. ಆದರೂ ಕೆಲಸ ಸುಲಭವಲ್ಲ. ದಪ್ಪನೆಯ ಕಲ್ಲೂ ಸೂಕ್ಷ್ಮವಾದ ಹೊನ್ನಿನ ಕಣವೂ ನೀರಿನಲ್ಲಿ ಒಂದೇ ವೇಗದಿಂದ ಮುಳುಗಬಲ್ಲವು. ಆದುದರಿಂದ ಗರಸನ್ನು ಮೊದಲು ಜರಡಿ ಹಿಡಿದು ಸಮಗಾತ್ರಕ್ಕೆ ತಂದರೆ ಮುಂದಿನ ಶ್ರಮ ಬಹಳಷ್ಟು ಹಗುರಾಗುತ್ತದೆ. ಬಳಿಕ ಇಳಿಜಾರಾದ ಮರದ ತೊಟ್ಟಿಯಲ್ಲಿ ನೀರು ಹೊಯ್ದು ಕೆದಕುತ್ತಿದ್ದರೆ ಹಗುರವಾದುದು ಕೊಚ್ಚಿಹೋಗುತ್ತದೆ. ತೊಟ್ಟಿಯ ತಳದಲ್ಲಿ ಅಡ್ಡಪಟ್ಟಿಗಳಿದ್ದರೆ ಅವುಗಳ ಹಿಂದೆ ಸಣ್ಣ ಸುಳಿಗಳೆದ್ದು ಭಾರವಾದ ಕಣಗಳು ಅಲ್ಲಿಯೇ ತಂಗುತ್ತವೆ. ಉಳಿದುದನ್ನು ಮರಿಗೆಯಲ್ಲಿ ತಿರುಗಿಸುತ್ತ ತೊಳೆದಾಗ ಕೊನೆಗೆ ನಿಲ್ಲುವುದು ಕಬ್ಬಿಣದಂಶದ ಕರಿಮರಳು ಮತ್ತು ಅದರ ಅಂಚಿನಲ್ಲಿ ಹೊಳೆಯುವ ಹೊನ್ನು. 1848ರ ತರುವಾಯ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದ ಜನರು ತಟ್ಟೆಯಿಂದ ತೊಟ್ಟಿಲಿಗೆ, ತೊಟ್ಟಿಲಿನಿಂದ ಉದ್ದನೆಯ ದೋಣಿಗೆ ಸಾಗಿದ್ದು ಇದೇ ತತ್ತ್ವದ ವಿಸ್ತಾರ. ಕೈ ಮಾಡುತ್ತಿದ್ದುದನ್ನು ನೀರಿನಿಂದಲೇ ಮಾಡಿಸುವುದು ಅಲ್ಲಿಯ ಸುಧಾರಣೆಗಳೆಲ್ಲದರ ಸಾರ.

ಕಪ್ಪತಗುಡ್ಡದಿಂದ ಹರಿಯುವ ಸೊರಟೂರು, ಡೋಣಿ ಮೊದಲಾದ ಹಳ್ಳಗಳಲ್ಲಿ ಜಲಗಾರರು ಮಳೆಗಾಲದ ಪ್ರವಾಹ ಇಳಿದ ಮೇಲೆ ಗರಸನ್ನು ತೊಳೆಯುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟ್ ಅವರು 1874ರಲ್ಲಿ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಬರೆದಾಗ ಈ ವೃತ್ತಿಯವರನ್ನು ಗಮನಿಸಿದ್ದರು. ಧಾರವಾಡ ಶಿಲಾವರ್ಗಕ್ಕೆ ಮುಂದೆ ಹೆಸರಿಟ್ಟವರೂ ಅವರೇ. ಯಾವ ಹಳ್ಳದಲ್ಲಿ ಹೊನ್ನುಂಟು, ಯಾವ ತಿರುವಿನಲ್ಲಿ ಅದು ತಂಗುತ್ತದೆ ಎಂಬುದನ್ನು ಭೂವಿಜ್ಞಾನಿಗಿಂತ ಮೊದಲೇ ಜಲಗಾರನ ಮರಿಗೆ ಬಲ್ಲುದಾಗಿತ್ತು.

ಕೋಲಾರದ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. 1802ರಲ್ಲಿ ಮೈಸೂರು ರಾಜ್ಯದ ಪೂರ್ವಸೀಮೆಯ ಮೋಜಣಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ ಉರಿಗಾಂ, ಮಾರಿಕುಪ್ಪಗಳಲ್ಲಿ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೋರಿಸಿದುದನ್ನು ಕಣ್ಣಾರೆ ಕಂಡನು. ಗಂಡಸರು ಕಿರುಗುಂಡಿಗಳಿಂದ ಎತ್ತಿಕೊಟ್ಟ ಕಲ್ಲನ್ನು ಹೆಂಗಸರು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ವಾರನ್ನನ ಬರಹವನ್ನು ಏಳು ದಶಕಗಳ ನಂತರ ಓದಿದ ಮೈಕೇಲ್ ಲೆವೆಲ್ ಗಣಿಯ ಹಕ್ಕನ್ನು ಪಡೆದನು; 1880ರಿಂದ ಜಾನ್ ಟೇಲರ್ ಕಂಪನಿಯ ಯುಗ ತೊಡಗಿತು; 2001ರಲ್ಲಿ ಗಣಿಗಳು ಮುಚ್ಚಿದವು. ಈ ಇತಿಹಾಸದಲ್ಲಿ ವಾರನ್, ಲೆವೆಲ್, ಟೇಲರ್ ಇವರ ಹೆಸರುಗಳುಂಟು. ಕಲ್ಲು ಕುಟ್ಟಿ ಮೊದಲ ಹೊನ್ನನ್ನು ತೋರಿಸಿದ ಹೆಂಗಸರ ಹೆಸರಿಲ್ಲ.

ಶ್ರಮವನ್ನು ಹಗುರಗೊಳಿಸಿದ ಇನ್ನೊಂದು ಉಪಾಯದ ಬೆಲೆ ದೊಡ್ಡದು. ಕರಿಮರಳಿನಿಂದ ಸೂಕ್ಷ್ಮವಾದ ಹೊನ್ನನ್ನು ಆಯುವುದು ಕಷ್ಟ. ಪಾದರಸ ಬೆರೆಸಿದರೆ ಅದು ಹೊನ್ನನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಬಟ್ಟೆಯಲ್ಲಿ ಹಿಂಡಿ ಕಾಯಿಸಿದರೆ ಪಾದರಸ ಆವಿಯಾಗಿ ಹೊನ್ನು ಉಳಿಯುತ್ತದೆ. ಆದರೆ ಬಣ್ಣವೂ ವಾಸನೆಯೂ ಇಲ್ಲದ ಆ ಆವಿ ಕಾಯಿಸುವವನ ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಹೊಳೆ ಸೇರಿದ ಪಾದರಸ ಮೀನಿನ ಮೂಲಕ ಮನೆಯ ಗಂಗಳಕ್ಕೇ ಮರಳುತ್ತದೆ. 2013ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದವು ಕೈಗಣಿಗಾರಿಕೆಯಲ್ಲಿ ಪಾದರಸದ ಬಳಕೆಯನ್ನು ತಗ್ಗಿಸಿ, ಸಾಧ್ಯವಿರುವೆಡೆ ನಿಲ್ಲಿಸಬೇಕೆನ್ನುತ್ತದೆ. ಭಾರತವು 2018ರಲ್ಲಿ ಅದನ್ನು ಅನುಮೋದಿಸಿತು.

ಪರ್ಯಾಯವೆಂದು ಇಂದು ತಜ್ಞರು ಸೂಚಿಸುತ್ತಿರುವುದು ಯಾವುದನ್ನು? ಜರಡಿ, ಇಳಿಜಾರಿನ ತೊಟ್ಟಿ, ಮರಿಗೆ, ಕರಿಮರಳನ್ನು ಎಳೆಯುವ ಅಯಸ್ಕಾಂತ. ಫಿಲಿಪೀನ್ಸಿನ ಬೆಂಗೆಟ್ ಪ್ರಾಂತದ ಕೈಗಣಿಗಾರರು ಹೀಗೆ ಸಾಂದ್ರಗೊಳಿಸಿದ ಹೊನ್ನಿನ ಪುಡಿಯನ್ನು ಬಿಳಿಗಾರ ಬೆರೆಸಿ ನೇರವಾಗಿ ಕರಗಿಸುತ್ತಾರೆ. ನಮ್ಮ ಅಕ್ಕಸಾಲೆಗಳ ಚೀಲದಲ್ಲಿ ತಲೆಮಾರುಗಳಿಂದ ಇರುವ ಬಿಳಿಗಾರವೇ ಅದು. ತೊಳೆಯುವ ಕೆಲಸ ಎಷ್ಟು ನಿಷ್ಕೃಷ್ಟವಾಗಿರುತ್ತದೆಯೋ ವಿಷದ ಅಗತ್ಯ ಅಷ್ಟು ಕಡಿಮೆ. ಹಳೆಯದೆಂದು ಕೈಬಿಟ್ಟ ವಿದ್ಯೆಯೇ ನಿರಪಾಯವಾದುದೆಂದು ಈಗ ತಿಳಿದುಬಂದಿದೆ.

ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾಯಿತು. ಅದರ ಹಳ್ಳಗಳಲ್ಲಿ ಮತ್ತೆ ಚಿನ್ನ ತೊಳೆಯಬೇಕೆಂದು ಯಾರೂ ಬಯಸಬೇಕಾಗಿಲ್ಲ. ಉಳಿಸಿಕೊಳ್ಳಬೇಕಾದುದು ಆ ಕಸುಬಿನ ಮಾತುಗಳನ್ನು: ತೊಟ್ಟಿಯ ಭಾಗಗಳ ಹೆಸರು, ಗರಸಿನ ಬಗೆಗಳ ಹೆಸರು, ಕರಿಮರಳಿನ ಲಕ್ಷಣ ಹೇಳುವ ಪದಗಳು. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಬೆಳಕಿಗೆ ತಂದವನು ಚಿನ್ನದ ಜಾಡು ಹಿಡಿದು ಹೊರಟ ಸಿ. ಬೀಡನ್ ಎಂಬ ಗಣಿ ಎಂಜಿನಿಯರು. ಚಿನ್ನದ ಶೋಧವು ಶಾಸನಾಧ್ಯಯನಕ್ಕೆ ಕೊಟ್ಟ ಈ ಸಾಲ ಇನ್ನೂ ತೀರಿಲ್ಲ. ಭಾಷೆಯ ಅಭ್ಯಾಸಿಗಳು ಜಲಗಾರನ ಮಾತುಗಳನ್ನು ನಿಘಂಟಿಗೆ ಸೇರಿಸಿದರೆ ಅದರ ಒಂದಂಶವಾದರೂ ಸಂದೀತು.