ಕಾಂಟ್‌ನ ‘ಖಾಸಗಿ’ ಮತ್ತು ‘ಸಾರ್ವಜನಿಕ’: ವಿಚಾರ ಸ್ವಾತಂತ್ರ್ಯದ ಒಂದು ಪರೀಕ್ಷೆ

ಜ್ಞಾನೋದಯವೆಂದರೇನು ಎಂಬ ಪ್ರಶ್ನೆಗೆ ಇಮ್ಯಾನ್ಯುಯೆಲ್ ಕಾಂಟ್ ಬರೆದ ಉತ್ತರ 1784ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಯಿತು. ವಿಚಾರ ಸ್ವಾತಂತ್ರ್ಯದ ಘೋಷಣೆಯೆಂದೇ ಅದನ್ನು ಓದುವುದು ವಾಡಿಕೆ. ಆದರೆ ಸ್ವಾತಂತ್ರ್ಯದ ಜೊತೆಗೇ ಅದರ ಎಲ್ಲೆಯನ್ನೂ ಆ ಲೇಖನ ಗೊತ್ತುಮಾಡುತ್ತದೆ. ಆ ಎಲ್ಲೆ ಎಷ್ಟು ಕಾಲ ಬಾಳಿತು ಎಂಬುದು ಇಲ್ಲಿನ ಪ್ರಶ್ನೆ.

ಕಾಂಟ್‌ನ ಪರಿಭಾಷೆಯಲ್ಲಿ ಕನ್ನಡದ ಓದುಗ ಎಡವುವುದು ಸಹಜ. ನಾವು ಸರ್ಕಾರಿ ನೌಕರಿಯನ್ನು ಸಾರ್ವಜನಿಕ ಸೇವೆ ಎನ್ನುತ್ತೇವೆ; ಹುದ್ದೆಯಲ್ಲಿದ್ದುಕೊಂಡು ವಿವೇಚನೆ ಬಳಸುವುದನ್ನು ಕಾಂಟ್ ‘ಖಾಸಗಿ’ ಎನ್ನುತ್ತಾನೆ. ಸೈನಿಕ ಆಜ್ಞೆ ಪಾಲಿಸಬೇಕು, ಪಾದ್ರಿ ತನ್ನ ಚರ್ಚಿನ ಬೋಧೆಯನ್ನೇ ಹೇಳಬೇಕು. ಅದೇ ಪಾದ್ರಿ ವಿದ್ವಾಂಸನಾಗಿ ಓದುಗಲೋಕಕ್ಕೆ ಬರೆಯುವಾಗ ಮಾತ್ರ ಯಾವ ಕಟ್ಟೂ ಇರಬಾರದು. ‘ಸಾರ್ವಜನಿಕ’ ಬಳಕೆಯೆಂದರೆ ಇದು.

ಈ ಏರ್ಪಾಡಿಗೆ ಆಸರೆಯಾಗಿದ್ದವನು ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್. 1786ರಲ್ಲಿ ಅವನು ತೀರಿಕೊಂಡ. ಮುಂದಿನ ದೊರೆಯ ಮಂತ್ರಿ ವೋಲ್ನರ್ 1788ರಲ್ಲಿ ಧರ್ಮಶಾಸನವನ್ನೂ ಅದರ ಬೆನ್ನಿಗೇ ಮುದ್ರಣ ನಿರ್ಬಂಧವನ್ನೂ ತಂದ. ಕಾಂಟ್‌ನ ಧರ್ಮವಿಚಾರದ ಗ್ರಂಥ 1793ರಲ್ಲಿ ಹೊರಬಂತು. ಮರುವರ್ಷದ ಅಕ್ಟೋಬರ್‌ನಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅವನಿಗೆ ರಾಜಾಜ್ಞೆ ಬಂತು: ತತ್ತ್ವಶಾಸ್ತ್ರವನ್ನು ದುರ್ಬಳಕೆ ಮಾಡಿ ಕ್ರೈಸ್ತಧರ್ಮವನ್ನು ಹೀಗಳೆದಿದ್ದೀಯೆ. ಇದು ಮುಂದುವರಿದರೆ ಪರಿಣಾಮ ನೆಟ್ಟಗಾಗದು.

ಕಾಂಟ್‌ನ ಉತ್ತರ ಗಮನಾರ್ಹ. ಅವನು ಹತ್ತು ವರ್ಷದ ಹಿಂದಿನ ತನ್ನದೇ ವಿಭಜನೆಯನ್ನು ಗುರಾಣಿಯಾಗಿ ಹಿಡಿದ. ಅಧ್ಯಾಪಕನಾಗಿ ತರಗತಿಯಲ್ಲಿ ಬೈಬಲಿನ ವಿಮರ್ಶೆ ಮಾಡಿಲ್ಲ. ಗ್ರಂಥವಾದರೋ ವಿದ್ವಾಂಸರ ನಡುವಿನ ಚರ್ಚೆ, ಜನಸಾಮಾನ್ಯರಿಗೆ ಎಟುಕುವಂಥದ್ದಲ್ಲ. ಇಷ್ಟು ವಾದಿಸಿಯೂ ಕೊನೆಗೆ, ದೊರೆಯ ನಿಷ್ಠಾವಂತ ಪ್ರಜೆಯಾಗಿ ಉಪನ್ಯಾಸ ಮತ್ತು ಬರವಣಿಗೆ ಎರಡರಲ್ಲೂ ಧರ್ಮದ ಬಗ್ಗೆ ಮೌನವಾಗಿರುವೆನೆಂದು ಮಾತು ಕೊಟ್ಟ. ಪೀಠಕ್ಕೂ ಪುಸ್ತಕಕ್ಕೂ ನಡುವೆ ಅವನೇ ಎಳೆದಿದ್ದ ಗೆರೆ ಆ ಒಂದು ವಾಕ್ಯದಲ್ಲಿ ಅಳಿಸಿಹೋಯಿತು. ಇತರರೊಡನೆ ಹಂಚಿಕೊಳ್ಳಲಾಗದ ಆಲೋಚನೆ ಆಲೋಚನೆಯಾಗಿಯೂ ಸೊರಗುತ್ತದೆಂದು 1786ರಲ್ಲಿ ವಾದಿಸಿದ್ದವನೂ ಅವನೇ.

1797ರಲ್ಲಿ ಆ ದೊರೆಯೂ ತೀರಿಕೊಂಡ. ಕೊಟ್ಟ ಮಾತು ಆ ದೊರೆಯ ಪ್ರಜೆಯಾಗಿ ಮಾತ್ರ ಎಂದು ವ್ಯಾಖ್ಯಾನಿಸಿದ ಕಾಂಟ್, 1798ರ ಗ್ರಂಥದ ಮುನ್ನುಡಿಯಲ್ಲಿ ಎರಡೂ ಪತ್ರಗಳನ್ನು ಅಚ್ಚುಹಾಕಿಸಿದ. ಕಾಂಟ್‌ನ ವಿಭಜನೆ ತರ್ಕದಲ್ಲಿ ಸೋಲಲಿಲ್ಲ. ಅದಕ್ಕೆ ಕಾನೂನಿನ ಬೆಂಬಲವಿರಲಿಲ್ಲ. ದೊರೆಯ ಮರ್ಜಿಯನ್ನು ನಂಬಿದ ಸ್ವಾತಂತ್ರ್ಯದ ಆಯಸ್ಸು ದೊರೆಯ ಆಯಸ್ಸಿಗಿಂತ ದೊಡ್ಡದಾಗಲಿಲ್ಲ.